ದೂರದ ಬೆಟ್ಟ ನುಣ್ಣಗೆ ಕಾಣಬಾರದು: ಹಗುರವಾದ, ಕೈಕೊಡದ ದುರ್ಬೀನು ಆರಿಸುವುದು ಹೇಗೆ?

ಕೇಳುವವರು ಜಗಳೂರಿನವರಿರಲಿ, ಹೊಳಲ್ಕೆರೆಯವರಿರಲಿ, ದಾವಣಗೆರೆಯ ಕಾಲೇಜು ಹುಡುಗರಿರಲಿ, ಪ್ರಶ್ನೆ ಒಂದೇ. ದೂರದ್ದು ಚೆನ್ನಾಗಿ ಕಾಣಬೇಕು, ಹೊರಲು ಹಗುರ ಇರಬೇಕು, ನಾಲ್ಕು ವರ್ಷ ಬಾಳಿಕೆ ಬರಬೇಕು, ಯಾವುದು ತಗೊಳ್ಳಲಿ? ಹೆಚ್ಚಿನವರು ದುರ್ಬೀನು ಕೇಳುತ್ತಾರೆ. ಕೆಲವರು ಏರ್‌ಗನ್ ಮೇಲೆ ಕೂರಿಸುವ ಸ್ಕೋಪ್ ಕೇಳುತ್ತಾರೆ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಉತ್ತರ ಬರೆದು ಸಾಕಾಗಿದೆ. ಎಲ್ಲವನ್ನೂ ಇಲ್ಲಿ ಒಟ್ಟಿಗೆ ಹೇಳಿಬಿಡುತ್ತೇನೆ.

ಸ್ಕೋಪ್ ಕೇಳಿದವರಿಗೆ ಮೊದಲ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈಗ ನಮ್ಮಲ್ಲಿ ಹವ್ಯಾಸದ ಬೇಟೆಗೆ ಜಾಗವಿಲ್ಲ. ಕೊಂಡುಕುರಿ (ನಾಲ್ಕು ಕೊಂಬಿನ ಹುಲ್ಲೆ), ಕರಡಿ, ಚಿರತೆ, ನವಿಲು ಎಲ್ಲವೂ ಅದರ ಅತಿ ಹೆಚ್ಚು ರಕ್ಷಣೆಯ ಮೊದಲನೇ ಪಟ್ಟಿಯಲ್ಲಿವೆ. ಗೌಜುಗ ಹೊಡೆದರೂ ಅದು ಅಪರಾಧವೇ. 4.5 ಮಿ.ಮೀ. ನಳಿಗೆಯ, ಹೊಡೆತದ ಶಕ್ತಿ 20 ಜೂಲ್ ಮೀರದ ಏರ್‌ಗನ್‌ಗೆ ಲೈಸೆನ್ಸ್ ಬೇಡ ಅನ್ನುವುದು ನಿಜ. ಆದರೆ ಅದರಿಂದ ಹಕ್ಕಿ ಹೊಡೆಯಲು ಅನುಮತಿ ಸಿಕ್ಕಿತು ಎಂದಲ್ಲ. ‘ಹೊಡೆಯಲ್ಲ ಸಾರ್, ಸುಮ್ನೆ ನೋಡೋಕೆ’ ಅನ್ನುವವರೂ ಇದ್ದಾರೆ. ಕೋವಿಯ ಮೇಲಿನ ಸ್ಕೋಪಿನಲ್ಲಿ ನೋಡುವುದೆಂದರೆ ನೋಡಿದ್ದೆಲ್ಲದರ ಕಡೆಗೂ ನಳಿಗೆ ತಿರುಗಿಸಿದ ಹಾಗೆ. ಪೊದೆಯ ಆಚೆ ಕುರಿ ಕಾಯುವವರು ಕೂತಿರಬಹುದು. ಆದ್ದರಿಂದ ಈ ಬರಹ ದುರ್ಬೀನಿನ ಬಗ್ಗೆ ಮಾತ್ರ.

1. ಎಲ್ಲಿ ನೋಡುತ್ತೀರಿ ಎಂದು ಮೊದಲು ತೀರ್ಮಾನಿಸಿ

ಅಂಗಡಿಯವರು ಮೊದಲು ‘ಬಜೆಟ್ ಎಷ್ಟು’ ಎಂದು ಕೇಳುತ್ತಾರೆ. ನೀವು ಮೊದಲು ಜಾಗ ಗೊತ್ತುಮಾಡಿಕೊಳ್ಳಿ. ನಮ್ಮ ಚಿತ್ರದುರ್ಗ, ದಾವಣಗೆರೆ ಎರಡು ಜಿಲ್ಲೆಗಳಲ್ಲಿ ಮೂರು ಬಗೆಯ ಜಾಗಗಳಿವೆ.

ಒಂದು, ಕುರುಚಲು ಕಾಡು ಮತ್ತು ಬಂಡೆಗುಡ್ಡ. ಚಿತ್ರದುರ್ಗದ ಜೋಗಿಮಟ್ಟಿ, ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕೊಂಡುಕುರಿ ವನ್ಯಧಾಮ ಈ ಬಗೆಯವು. ಇಲ್ಲಿ ಪ್ರಾಣಿ ಕಾಣುವುದು ಐವತ್ತರಿಂದ ಮುನ್ನೂರು ಮೀಟರ್ ಒಳಗೆ, ಅದೂ ಅರೆಗಳಿಗೆ. ನಡೆಯುವುದು ಹೆಚ್ಚು, ನಿಲ್ಲುವುದು ಕಡಿಮೆ.

ಎರಡು, ಚಳ್ಳಕೆರೆ ಕಡೆಯ ಅಮೃತಮಹಲ್ ಕಾವಲುಗಳಂಥ ಹುಲ್ಲುಗಾವಲು. ನೋಟಕ್ಕೆ ಅಡ್ಡ ಏನೂ ಇಲ್ಲ, ಬಿಸಿಲಿಗೂ ಅಡ್ಡ ಏನೂ ಇಲ್ಲ.

ಮೂರು, ನೀರು. ಚನ್ನಗಿರಿಯ ಸೂಳೆಕೆರೆ, ಹಿರಿಯೂರಿನ ವಾಣಿವಿಲಾಸ ಸಾಗರ, ಹರಿಹರದ ಕೊಂಡಜ್ಜಿ ಕೆರೆ, ದಾವಣಗೆರೆ ಊರಿಗೇ ತಾಗಿದ ಕುಂದವಾಡ ಕೆರೆ. ದಡದಲ್ಲಿ ಕೂತು ನೋಡುವ ಕೆಲಸ, ಹಕ್ಕಿ ನಡುನೀರಿನಲ್ಲಿ.

ಮೊದಲನೆಯದಕ್ಕೆ ಹೊಂದುವ ದುರ್ಬೀನು ಮೂರನೆಯದಕ್ಕೆ ಸ್ವಲ್ಪ ಕಡಿಮೆ ಬೀಳುತ್ತದೆ. ಮೂರನೆಯದಕ್ಕೆ ಹೇಳಿ ಮಾಡಿಸಿದ್ದನ್ನು ಹೊತ್ತು ಜೋಗಿಮಟ್ಟಿ ಹತ್ತಿದರೆ ಕುತ್ತಿಗೆ ಬೀಳುತ್ತದೆ.

2. ಮೈಮೇಲೆ ಬರೆದ ಎರಡು ಅಂಕಿ ಓದಲು ಕಲಿಯಿರಿ

8×42 ಎಂದು ಬರೆದಿದ್ದರೆ 8 ಎಂಬುದು ಹಿಗ್ಗಿಸುವ ಪ್ರಮಾಣ. ಇನ್ನೂರು ಮೀಟರ್ ದೂರದ ಕೊಂಡುಕುರಿ ಇಪ್ಪತ್ತೈದು ಮೀಟರ್ ದೂರದಲ್ಲಿ ನಿಂತ ಹಾಗೆ ಕಾಣುತ್ತದೆ. 42 ಎಂಬುದು ಮುಂದಿನ ಮಸೂರದ ಅಗಲ, ಮಿ.ಮೀ. ಲೆಕ್ಕದಲ್ಲಿ. ಅದು ಬೆಳಕು ಒಳಬರುವ ಬಾಗಿಲು.

ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಬರುವುದೇ ಎಕ್ಸಿಟ್ ಪ್ಯೂಪಿಲ್. ದುರ್ಬೀನನ್ನು ಒಂದು ಮೊಳ ದೂರ ಹಿಡಿದು ಆಕಾಶದ ಕಡೆ ತಿರುಗಿಸಿದರೆ ಕಣ್ಣಿನ ಕಡೆಯ ಗಾಜಿನಲ್ಲಿ ಒಂದು ಬೆಳಕಿನ ಬಿಲ್ಲೆ ಕಾಣುತ್ತದಲ್ಲ, ಅದರ ಅಗಲ ಇದು. ಸೂರ್ಯನ ಕಡೆ ಮಾತ್ರ ಎಂದೂ ತಿರುಗಿಸಬೇಡಿ. ದುರ್ಬೀನಿನಲ್ಲಿ ಸೂರ್ಯನನ್ನು ಒಂದು ಕ್ಷಣ ನೋಡಿದರೂ ದೃಷ್ಟಿ ಹೋದೀತು.

8×42ರಲ್ಲಿ ಬಿಲ್ಲೆ 5.25 ಮಿ.ಮೀ., 10×42ರಲ್ಲಿ 4.2, 8×32ರಲ್ಲಿ 4, ಜೇಬಿನ 10×25ರಲ್ಲಿ 2.5. ನಡುಹಗಲಿನಲ್ಲಿ ನಮ್ಮ ಕಣ್ಣಿನ ಪಾಪೆ ಎರಡು ಮೂರು ಮಿ.ಮೀ. ಮಾತ್ರ ತೆರೆದಿರುತ್ತದೆ, ಹಾಗಾಗಿ ಯಾವುದಾದರೂ ನಡೆಯುತ್ತದೆ. ಆದರೆ ಕರಡಿ, ಕೊಂಡುಕುರಿ ಓಡಾಡುವುದು ಮುಂಜಾನೆ ಮತ್ತು ಮುಸ್ಸಂಜೆ. ಆ ಹೊತ್ತಿನಲ್ಲಿ ಪಾಪೆ ಐದು ಮಿ.ಮೀ. ಆಸುಪಾಸಿಗೆ ಹಿಗ್ಗುತ್ತದೆ, ಜೇಬಿನ ದುರ್ಬೀನು ಕತ್ತಲಾಗುತ್ತದೆ. 42ರ ಬಾಗಿಲು 25ರ ಬಾಗಿಲಿಗಿಂತ ಸುಮಾರು 2.8 ಪಟ್ಟು ಬೆಳಕು ಒಳಬಿಡುತ್ತದೆ.

ಇನ್ನೊಂದು ಬರಹ ಎಲ್ಲರನ್ನೂ ಮೋಸಗೊಳಿಸುತ್ತದೆ. ಮೈಮೇಲೆ ‘122 ಮೀ/1000 ಮೀ’ ಎಂದಿರುತ್ತದೆ. ಮಾರುವವನು ‘ಸಾವಿರ ಮೀಟರ್ ತನಕ ಕಾಣುತ್ತೆ’ ಅನ್ನುತ್ತಾನೆ. ಬರಿಗಣ್ಣಿಗೇ ಚಂದ್ರ ಕಾಣುತ್ತಾನೆ, ಅವನಿರುವುದು ಮೂರೂಮುಕ್ಕಾಲು ಲಕ್ಷ ಕಿಲೋಮೀಟರಿಗೂ ಆಚೆ! ಆ ಬರಹ ಹೇಳುವುದು ನೋಟದ ಹರವನ್ನು, ಅಂದರೆ ಸಾವಿರ ಮೀಟರ್ ದೂರದಲ್ಲಿ ಎಡದಿಂದ ಬಲಕ್ಕೆ ಎಷ್ಟು ಅಗಲ ಒಮ್ಮೆಗೆ ಕಾಣುತ್ತದೆ ಎಂಬುದನ್ನು. ಕೆಲವು ಕಂಪನಿಗಳು ಇದನ್ನೇ ಡಿಗ್ರಿಯಲ್ಲಿ ಬರೆಯುತ್ತವೆ. ಒಂದು ಡಿಗ್ರಿಗೆ 17.5 ಮೀಟರ್ ಲೆಕ್ಕ ಹಾಕಿಕೊಳ್ಳಿ, 7 ಡಿಗ್ರಿಗೆ 122 ಮೀಟರ್ ಆಯಿತು. ಹರವು ದೊಡ್ಡದಿದ್ದಷ್ಟೂ ಪೊದೆಯಿಂದ ಪೊದೆಗೆ ಹಾರುವ ಪಿಕಳಾರ ಬೇಗ ಸಿಗುತ್ತದೆ.

3. ಹಿಗ್ಗಿಸುವ ಆಸೆ ಬಿಡಿ

ಹೆಚ್ಚಿನವರು ದುಡ್ಡು ಕಳೆದುಕೊಳ್ಳುವುದು ಇಲ್ಲೇ. ಎಂಟಕ್ಕಿಂತ ಹತ್ತು ಮೇಲು, ಹತ್ತಕ್ಕಿಂತ ಇಪ್ಪತ್ತು ಮೇಲು ಎಂಬ ಲೆಕ್ಕ. ನಾನೂ ಇಪ್ಪತ್ತರ ಜೂಮ್ ದುರ್ಬೀನು ಕೊಂಡೇ ಬುದ್ಧಿ ಕಲಿತವನು.

ದುರ್ಬೀನು ಪ್ರಾಣಿಯನ್ನು ಎಷ್ಟು ಹಿಗ್ಗಿಸುತ್ತದೋ ನಿಮ್ಮ ಕೈನಡುಕವನ್ನೂ ಅಷ್ಟೇ ಹಿಗ್ಗಿಸುತ್ತದೆ. ಗುಡ್ಡ ಹತ್ತಿ ಏದುಸಿರು ಬಿಡುತ್ತಾ ಇಪ್ಪತ್ತರ ದುರ್ಬೀನು ಎತ್ತಿದರೆ ಕಾಣುವುದು ನವಿಲಲ್ಲ, ನಿಮ್ಮ ಎದೆಬಡಿತ. ಅದರ ಮೇಲೆ ನಮ್ಮ ಗಾಳಿ ಬೇರೆ. ಚಿತ್ರದುರ್ಗದ ಬೆಟ್ಟಗಳ ನೆತ್ತಿಯ ಮೇಲೆ ಸಾಲಾಗಿ ಗಾಳಿಯಂತ್ರ ನಿಲ್ಲಿಸಿರುವುದು ಚೆಂದಕ್ಕಲ್ಲ. ಆಷಾಢದಲ್ಲಿ ಅಲ್ಲಿ ಟೋಪಿ ನಿಲ್ಲುವುದಿಲ್ಲ, ಇನ್ನು ದುರ್ಬೀನು ನಿಂತೀತೇ?

ಅದಕ್ಕೂ ದೊಡ್ಡ ತೊಡಕು ಝಳ. ಬಂಡೆ, ಬರಡು ನೆಲ ಕಾದ ಕೂಡಲೇ ಅದಕ್ಕೆ ತಾಗಿದ ಗಾಳಿ ಬಿಸಿಯಾಗಿ ಏಳುತ್ತದೆ. ಬಿಸಿ ಗಾಳಿ, ತಣ್ಣನೆಯ ಗಾಳಿ ಬೆರೆತಲ್ಲಿ ಬೆಳಕು ಅತ್ತಿತ್ತ ಬಾಗುತ್ತದೆ. ಬಿಸಿಲ್ಗುದುರೆ ಕಾಣಿಸುವ ಆಟದ ತಮ್ಮನೇ ಇದು. ಬೇಸಿಗೆಯಲ್ಲಿ ಬೆಳಗ್ಗೆ ಒಂಬತ್ತಾಯಿತೆಂದರೆ ಕಾವಲಿನಲ್ಲಿ ಅರ್ಧ ಕಿಲೋಮೀಟರ್ ಆಚೆಯ ಕೃಷ್ಣಮೃಗ ನೀರಿನಡಿಯ ಕಲ್ಲಿನಂತೆ ಅಲುಗತೊಡಗುತ್ತದೆ. ಲಕ್ಷ ರೂಪಾಯಿಯ ಗಾಜು ತಂದರೂ ಇದನ್ನು ಸರಿಮಾಡಲಾಗದು. ಕೆಡುವುದು ಚಿತ್ರ ದುರ್ಬೀನಿಗೆ ತಲುಪುವ ಮೊದಲೇ, ದಾರಿಯಲ್ಲಿ. ಹಿಗ್ಗಿಸಿದಷ್ಟೂ ಅಲುಗಾಟವೂ ಹಿಗ್ಗುತ್ತದೆ. ‘ದುರ್ಬೀನಿನ ಫೋಕಸ್ ಸರಿಯಿಲ್ಲ’ ಎಂದು ವಾಪಸ್ ಕಳಿಸಿದವರಲ್ಲಿ ಎಷ್ಟೋ ಜನ ಅದನ್ನು ಪರೀಕ್ಷೆ ಮಾಡಿದ್ದು ಮಧ್ಯಾಹ್ನ ಹನ್ನೆರಡಕ್ಕೆ. ಸೂರ್ಯ ಏರುವ ಮೊದಲ ಎರಡು ಗಂಟೆ ಇಲ್ಲವೇ ಮಳೆ ಬಂದು ಹೋದ ಮೇಲಿನ ಹೊತ್ತು ನೋಡಿ, ಅದೇ ದುರ್ಬೀನು ಬೇರೆಯದೇ ಆಗಿರುತ್ತದೆ.

ಆದ್ದರಿಂದ ನನ್ನ ಉತ್ತರ ನೇರ. ಒಂದೇ ಕೊಳ್ಳುವುದಾದರೆ 8×42. ತುಂಬಾ ನಡೆಯುವವರಿಗೆ, ಸಣ್ಣ ಕೈಯವರಿಗೆ, ಶಾಲಾ ಮಕ್ಕಳಿಗೆ 8×32. ಹೆಚ್ಚಾಗಿ ಕೆರೆದಂಡೆಯಲ್ಲೇ ಕೂರುವವರು ಮಾತ್ರ 10×42 ಯೋಚಿಸಿ. ಹತ್ತಕ್ಕಿಂತ ಮೇಲೆ ಹೋದರೆ ಸ್ಟ್ಯಾಂಡ್ ಬೇಕು, ಸ್ಟ್ಯಾಂಡ್ ಬಂದಲ್ಲಿ ‘ಹಗುರ’ ಎಂಬ ಮಾತು ಮುಗಿಯಿತು.

ಸ್ಪಾಟಿಂಗ್ ಸ್ಕೋಪ್ ಬಗ್ಗೆಯೂ ಕೇಳುತ್ತೀರಿ. ಒಂದೇ ಕಣ್ಣಿನಲ್ಲಿ ನೋಡುವ, ಸ್ಟ್ಯಾಂಡಿನ ಮೇಲೆ ಕೂರಿಸುವ ಸಣ್ಣ ದೂರದರ್ಶಕ ಅದು. ಸಾಮಾನ್ಯವಾಗಿ 20ರಿಂದ 60ರವರೆಗೆ ಹಿಗ್ಗಿಸುತ್ತದೆ. ಸೂಳೆಕೆರೆಯ ನಡುವಿನ ಬಾತುಗಳನ್ನು ಎಣಿಸಲು ಅದಕ್ಕೆ ಸಾಟಿಯಿಲ್ಲ. ಅಲ್ಲೂ ಬಿಸಿಲೇರಿದ ಮೇಲೆ 30 ದಾಟಿಸಿದರೆ ಸಿಗುವುದು ಝಳವೇ. ಮೊದಲ ಖರೀದಿ ಅದಾಗಬಾರದು.

4. ತೂಕ

8×42 ದುರ್ಬೀನುಗಳು ಸಾಮಾನ್ಯವಾಗಿ 550ರಿಂದ 750 ಗ್ರಾಂ ತೂಗುತ್ತವೆ, 8×32 ಇದಕ್ಕಿಂತ ನೂರಿನ್ನೂರು ಗ್ರಾಂ ಕಡಿಮೆ. ನಿಕಾನ್ ಪ್ರೊಸ್ಟಾಫ್ ಪಿ3 8×42 ತೂಗುವುದು 565 ಗ್ರಾಂ, ಅದೇ ಕಂಪನಿಯ ಮೊನಾರ್ಕ್ ಎಂ5 8×42 ಸುಮಾರು 630. ಹಳೇ ಮಾದರಿಯ ಒಲಿಂಪಸ್ 8×40 ಡಿಪಿಎಸ್-1 710 ಗ್ರಾಂ. ಕಾಗದದ ಮೇಲೆ ಈ ನೂರೈವತ್ತು ಗ್ರಾಂ ಏನೂ ಅಲ್ಲ. ಅರ್ಧ ಲೀಟರ್ ನೀರಿನ ಬಾಟಲಿಯನ್ನು ಕುತ್ತಿಗೆಗೆ ಕಟ್ಟಿಕೊಂಡು ನಾಲ್ಕು ತಾಸು ಅಡ್ಡಾಡಿ ನೋಡಿ, ಆಮೇಲೆ ತೀರ್ಮಾನ ಮಾಡಿ.

ಡಬ್ಬಿಯ ಜೊತೆ ಬರುವ ತೆಳು ಪಟ್ಟಿಯನ್ನು ಮೊದಲ ದಿನವೇ ತೆಗೆದಿಡಿ. ಎರಡೂ ಹೆಗಲಿಗೆ ಹಾಕಿ ಬೆನ್ನ ಮೇಲೆ ಅಡ್ಡ ಬರುವ ಹಾರ್ನೆಸ್ ಪಟ್ಟಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಭಾರ ಕುತ್ತಿಗೆಯಿಂದ ಹೆಗಲಿಗೆ ಇಳಿಯುತ್ತದೆ, ಬಗ್ಗಿದಾಗ ದುರ್ಬೀನು ತೂಗಾಡಿ ಬಂಡೆಗೆ ಬಡಿಯುವುದಿಲ್ಲ. ನೂರು ಗ್ರಾಂ ಹಗುರದ ಮಾದರಿಗೆ ಐದು ಸಾವಿರ ಹೆಚ್ಚು ಕೊಡುವುದಕ್ಕಿಂತ ಇದು ಜಾಣತನ.

5. ‘ಕೈಕೊಡಬಾರದು’ ಎಂದರೆ ಏನೇನು ನೋಡಬೇಕು

ದುರ್ಬೀನು ಕೆಡುವುದು ಮೂರು ದಾರಿಯಲ್ಲಿ: ಒಳಗೆ ತೇವ ಸೇರಿ, ಧೂಳು ಸೇರಿ, ಏಟು ಬಿದ್ದು ಪ್ರಿಸಂ ಜರುಗಿ. ಪ್ರಿಸಂ ಎಂದರೆ ತಲೆಕೆಳಗಾದ ಚಿತ್ರವನ್ನು ನೇರ ಮಾಡುವ ಒಳಗಿನ ಪಟ್ಟಕ. ಅದರಲ್ಲಿ ಎರಡು ಜಾತಿ. ಪೊರ್ರೊ ಪ್ರಿಸಂ ಇರುವುದು ಹಳೇ ಮಿಲಿಟರಿ ದುರ್ಬೀನಿನಂತೆ ಹೆಗಲು ಅಗಲವಾಗಿ ಕಾಣುತ್ತದೆ. ಕಡಿಮೆ ಬೆಲೆಗೇ ಒಳ್ಳೆಯ ಚಿತ್ರ ಕೊಡುತ್ತದೆ, ಆದರೆ ದಪ್ಪ, ಭಾರ, ಹೆಚ್ಚಿನವಕ್ಕೆ ನೀರು ತಡೆಯುವ ಗುಣವಿಲ್ಲ. ರೂಫ್ ಪ್ರಿಸಂ ಇರುವುದು ಎರಡು ನೇರ ಕೊಳವೆಯಂತಿರುತ್ತದೆ. ಹಗುರ, ಗಟ್ಟಿ, ಆದರೆ ಅಗ್ಗದ ರೂಫ್‌ಗಿಂತ ಅದೇ ಬೆಲೆಯ ಪೊರ್ರೊ ಚೆನ್ನಾಗಿ ಕಾಣಿಸುತ್ತದೆ. ಆರೇಳು ಸಾವಿರವೇ ಮಿತಿ ಎಂದರೆ ಪೊರ್ರೊ, ಹತ್ತರಿಂದ ಹದಿನೈದು ಸಾವಿರ ಕೊಡಬಲ್ಲಿರಾದರೆ ರೂಫ್. ಝೈಸ್, ಲೈಕಾ, ಸ್ವರೋವ್ಸ್ಕಿಗಳ ಮೇಲ್ದರ್ಜೆಯವು ಲಕ್ಷ ದಾಟುತ್ತವೆ. ಅವು ನಿಜಕ್ಕೂ ಚೆನ್ನ, ಆದರೆ ಈ ಬರಹ ಅವುಗಳಿಗಾಗಿ ಅಲ್ಲ.

ವಿವರಪಟ್ಟಿಯಲ್ಲಿ ಈ ಪದಗಳನ್ನು ಹುಡುಕಿ.

‘ವಾಟರ್‌ಪ್ರೂಫ್, ನೈಟ್ರೋಜನ್ ತುಂಬಿದ್ದು’: ಒಳಗಿನ ತೇವದ ಗಾಳಿ ತೆಗೆದು ಒಣ ಅನಿಲ ತುಂಬಿ ರಬ್ಬರ್ ಉಂಗುರದಿಂದ ಮುಚ್ಚಿರುತ್ತಾರೆ. ನಮ್ಮದು ಮಳೆ ಕಡಿಮೆಯ ಸೀಮೆ, ಇದು ಯಾಕೆ ಎನ್ನಬೇಡಿ. ನೀರು ತಡೆಯುವ ಮುಚ್ಚಿಗೆಯೇ ಧೂಳನ್ನೂ ತಡೆಯುತ್ತದೆ, ನಮಗೆ ಬೇಕಾದದ್ದು ಅದು.

‘ಬಿಎಕೆ-4 ಪ್ರಿಸಂ’: ಒಳ್ಳೆಯ ಗಾಜು. ಬೆಳಕಿನ ಬಿಲ್ಲೆ ಪೂರ್ತಿ ದುಂಡಗೆ ಕಂಡರೆ ಇದು ಇದೆ ಎನ್ನಬಹುದು. ಅಂಚು ಕತ್ತರಿಸಿ ಚೌಕದಂತೆ ಕಂಡರೆ ಸಾಮಾನ್ಯವಾಗಿ ಅಗ್ಗದ ಬಿಕೆ-7.

‘ಫುಲ್ಲಿ ಮಲ್ಟಿಕೋಟೆಡ್’: ಎಲ್ಲ ಗಾಜಿನ ಎಲ್ಲ ಮುಖಕ್ಕೂ ಹಲವು ಪದರದ ಲೇಪ. ಬರೀ ‘ಕೋಟೆಡ್’ ಎಂದಿದ್ದರೆ ಒಂದೆರಡು ಮುಖಕ್ಕೆ ಬಳಿದು ಬಿಟ್ಟಿರುತ್ತಾರೆ.

‘ಫೇಸ್ (phase) ಕೋಟಿಂಗ್’: ರೂಫ್ ಪ್ರಿಸಂನಲ್ಲಿ ಬೆಳಕು ಎರಡಾಗಿ ಸೀಳಿ ಮತ್ತೆ ಕೂಡುವಾಗ ಆಗುವ ಮಸುಕನ್ನು ಇದು ಸರಿಪಡಿಸುತ್ತದೆ. ಗಂಡು ಕೊಂಡುಕುರಿಯ ಮುಂದಿನ ಜೋಡಿ ಮೋಟು ಕೊಂಬು ಹಣೆಯ ಮೇಲೆ ಬಿಡಿಸಿ ಕಾಣಬೇಕೆಂದರೆ ಇಂಥ ಸೂಕ್ಷ್ಮಗಳೇ ಬೇಕಾಗುವುದು.

ಕನ್ನಡಕದವರಿಗೆ ಒಂದು ಹೆಚ್ಚಿನ ಅಂಕಿ: ಐ ರಿಲೀಫ್. ಕಣ್ಣಿಗೂ ಗಾಜಿಗೂ ನಡುವೆ ಎಷ್ಟು ಅಂತರದ ತನಕ ಪೂರ್ತಿ ಚಿತ್ರ ಕಾಣುತ್ತದೆ ಎಂಬುದರ ಅಳತೆ. ಅದು 16 ಮಿ.ಮೀ. ಅಥವಾ ಹೆಚ್ಚು ಇರಲಿ. ಕಡಿಮೆಯಿದ್ದರೆ ಕಿಂಡಿಯಲ್ಲಿ ಇಣುಕಿದಂತಾಗುತ್ತದೆ.

6. ಇವನ್ನು ಕಂಡರೆ ದೂರ ಇರಿ

ಮುಂದಿನ ಗಾಜು ಕೆಂಪಗೆ ಹೊಳೆಯುವವು. ಕೆಂಪು ಲೇಪ ಕೆಂಪು ಬೆಳಕನ್ನು ಹೊರಗೇ ತಳ್ಳುತ್ತದೆ, ಚಿತ್ರ ಹಸಿರುನೀಲಿಯಾಗಿ ಕಾಣುತ್ತದೆ. ‘10ರಿಂದ 100 ಜೂಮ್’ ಎನ್ನುವವು. ‘ನೈಟ್ ವಿಷನ್’ ಎಂದು ಬರೆದ ಸಾದಾ ದುರ್ಬೀನುಗಳು. ಕತ್ತಲಲ್ಲಿ ನೋಡುವ ಯಂತ್ರವೇ ಬೇರೆ, ಎರಡು ಸಾವಿರಕ್ಕೆ ಬರುವಂಥದ್ದಲ್ಲ. ಫೋಕಸ್ ಚಕ್ರವೇ ಇಲ್ಲದವು. ಹೆಸರಾಂತ ಕಂಪನಿಯ ಹೆಸರು ಹೊತ್ತು ಕಾಲು ಬೆಲೆಗೆ ಬರುವವು. ಜಾತ್ರೆಯಲ್ಲಿ ಮಕ್ಕಳಿಗೆ ಕೊಡಿಸುವ ಪ್ಲಾಸ್ಟಿಕ್ ದುರ್ಬೀನಿನ ಮೇಲೆ ನನಗೆ ಸಿಟ್ಟಿಲ್ಲ, ಅದು ಆಟಿಕೆ ಎಂದೇ ಹೇಳಿ ಮಾರುತ್ತಾರೆ.

ಬಿಲ್ಲು, ಸೀರಿಯಲ್ ನಂಬರ್, ಇಲ್ಲಿನ ವಾರಂಟಿ ಕಾರ್ಡು ಮೂರೂ ಇರಲಿ. ಹಳೆಯದನ್ನು ಕೊಳ್ಳುವುದಾದರೆ ಮುಂದಿನ ಗಾಜಿನಿಂದ ಟಾರ್ಚ್ ಬಿಟ್ಟು ಒಳಗೆ ಜೇಡರ ಬಲೆಯಂಥ ಬೂಷ್ಟು ಇದೆಯೇ ನೋಡಿ. ಇದ್ದರೆ ಚೌಕಾಸಿಗೂ ನಿಲ್ಲಬೇಡಿ.

7. ಬಂದ ಕೂಡಲೇ ಪರೀಕ್ಷೆ ಮಾಡಿ

ನಮ್ಮ ಕಡೆ ನಾಲ್ಕಾರು ಮಾದರಿ ಎದುರಿಗಿಟ್ಟು ತೋರಿಸುವ ಅಂಗಡಿ ಸಿಗುವುದು ಕಷ್ಟ. ಬೆಂಗಳೂರಿಗೆ ಹೋದಾಗ ಕಣ್ಣಿಟ್ಟು ನೋಡಿ ಬನ್ನಿ, ಇಲ್ಲವೇ ಆನ್‌ಲೈನ್‌ನಲ್ಲಿ ತರಿಸಿ. ತರಿಸಿದರೆ ವಾಪಸ್ ಕೊಡುವ ಗಡುವಿನೊಳಗೆ ಇಷ್ಟನ್ನು ಮಾಡಿ ಮುಗಿಸಿ.

ದೂರದ ಕರೆಂಟ್ ತಂತಿ ನೋಡಿ. ನೋಡುತ್ತಲೇ ದುರ್ಬೀನನ್ನು ನಿಧಾನವಾಗಿ ಕಣ್ಣಿನಿಂದ ಒಂದು ಗೇಣು ದೂರ ತನ್ನಿ. ಎರಡು ವೃತ್ತದಲ್ಲೂ ತಂತಿ ಒಂದೇ ಎತ್ತರದಲ್ಲಿರಬೇಕು. ಒಂದರಲ್ಲಿ ಮೇಲೆ, ಇನ್ನೊಂದರಲ್ಲಿ ಕೆಳಗೆ ಇದ್ದರೆ ಎರಡು ಕೊಳವೆ ಒಂದೇ ಕಡೆ ನೋಡುತ್ತಿಲ್ಲ. ಕಣ್ಣು ಸ್ವಲ್ಪ ಹೊತ್ತು ಹೊಂದಿಸಿಕೊಳ್ಳುತ್ತದೆ, ಅರ್ಧ ಗಂಟೆಗೆ ತಲೆನೋವು ಶುರು. ಇದನ್ನು ಮನೆಯಲ್ಲಿ ಸರಿಮಾಡಲು ಹೋಗಬೇಡಿ, ವಾಪಸ್ ಕಳಿಸಿ.

ಚಿತ್ರದುರ್ಗದವರಾದರೆ ಕೋಟೆ ಹತ್ತಿ ಎದುರು ಬೆಟ್ಟದ ಗಾಳಿಯಂತ್ರದ ರೆಕ್ಕೆ ನೋಡಿ. ಬಿಳಿ ಆಕಾಶದೆದುರು ರೆಕ್ಕೆಯ ಅಂಚಿನಲ್ಲಿ ನೇರಳೆಯೋ ಹಸಿರೋ ಗೆರೆ ಕಾಣುತ್ತದೆಯೇ? ನಡುವಿನಲ್ಲಿ ಕಾಣಬಾರದು. ವೃತ್ತದ ಅಂಚಿನಲ್ಲಿ ಸ್ವಲ್ಪ ಇದ್ದರೆ ಈ ಬೆಲೆಗೆ ಕ್ಷಮಿಸಿ.

ಫೋಕಸ್ ಚಕ್ರ ಒಂದೇ ಸಮ ತಿರುಗಬೇಕು, ಹಿಂದೆ ಮುಂದೆ ಮಾಡುವಾಗ ಸಡಿಲ ಇರಬಾರದು. ನಡುವಿನ ಕೀಲು ಬಿಟ್ಟ ಜಾಗದಲ್ಲಿ ನಿಲ್ಲಬೇಕು. ಕೊನೆಗೆ ಸೂರ್ಯ ಮುಳುಗಿದ ಮೇಲೆ ಕಾಲು ಗಂಟೆ ಬಿಟ್ಟು ಹುಣಸೇಮರದ ನೆರಳೊಳಗೆ ನೋಡಿ. ಕೊಂಬೆ ಬಿಡಿಬಿಡಿಯಾಗಿ ಕಂಡರೆ ಇಟ್ಟುಕೊಳ್ಳಿ.

8. ನಿಮ್ಮ ಕಣ್ಣಿಗೆ ಹೊಂದಿಸಿಕೊಳ್ಳಿ

ವರ್ಷಗಟ್ಟಲೆ ದುರ್ಬೀನು ಇಟ್ಟುಕೊಂಡವರೂ ಇದನ್ನು ಮಾಡಿರುವುದಿಲ್ಲ. ಕನ್ನಡಕವಿದ್ದರೆ ಕಣ್ಣಿನ ಕಡೆಯ ರಬ್ಬರ್ ಬಟ್ಟಲನ್ನು ಒಳಗೆ ತಿರುಗಿಸಿ, ಇಲ್ಲದಿದ್ದರೆ ಹೊರಗೆಳೆಯಿರಿ. ಎರಡು ವೃತ್ತ ಸೇರಿ ಒಂದಾಗುವ ತನಕ ಕೀಲು ಮಡಿಸಿ. ಈಗ ಬಲಗಡೆಯ ಮುಂದಿನ ಗಾಜನ್ನು ಅಂಗೈಯಿಂದ ಮುಚ್ಚಿ, ಎರಡೂ ಕಣ್ಣು ತೆರೆದಿರಲಿ, ದೂರದ ಬೋರ್ಡಿನ ಅಕ್ಷರವನ್ನು ನಡುವಿನ ಚಕ್ರದಿಂದ ಎಡಗಣ್ಣಿಗೆ ಸ್ಪಷ್ಟ ಮಾಡಿಕೊಳ್ಳಿ. ಆಮೇಲೆ ಎಡಗಡೆ ಮುಚ್ಚಿ, ಚಕ್ರ ಮುಟ್ಟದೆ, ಬಲಗಣ್ಣಿನ ಬಳಿಯ ಡಯಾಪ್ಟರ್ ಉಂಗುರ ತಿರುಗಿಸಿ ಅದೇ ಅಕ್ಷರ ಸ್ಪಷ್ಟ ಮಾಡಿ. ಎರಡು ಕಣ್ಣಿನ ದೃಷ್ಟಿಯ ವ್ಯತ್ಯಾಸ ತುಂಬುವ ಉಂಗುರ ಅದು. ಗುರುತು ಎಲ್ಲಿ ನಿಂತಿತೋ ನೆನಪಿಡಿ, ಮನೆಯ ಮಕ್ಕಳು ತಿರುಗಿಸಿಯೇ ತಿರುಗಿಸುತ್ತಾರೆ.

ನೋಡುವಾಗ ಮೊದಲು ಬರಿಗಣ್ಣಿನಿಂದ ಪ್ರಾಣಿಯನ್ನು ಹಿಡಿಯಿರಿ, ನೋಟ ಕದಲಿಸದೆ ದುರ್ಬೀನನ್ನು ಕಣ್ಣಿಗೆ ತನ್ನಿ. ಮೊಣಕೈ ಎದೆಗೆ ಒತ್ತಿರಲಿ, ಕೂತರೆ ಮೊಣಕಾಲ ಮೇಲಿರಲಿ, ಬಂಡೆ ಸಿಕ್ಕರೆ ಒರಗಿಕೊಳ್ಳಿ. ಕಣ್ಣಿಗಿಟ್ಟುಕೊಂಡೇ ಹೆಜ್ಜೆ ಹಾಕಬೇಡಿ. ಜೋಗಿಮಟ್ಟಿಯ ಬಂಡೆಸಂದುಗಳಲ್ಲಿ ಕರಡಿ ಇರುತ್ತದೆ, ದೂರದ್ದನ್ನು ನೋಡುತ್ತಾ ಹತ್ತಿರದ್ದನ್ನು ತುಳಿಯುವ ಊರಲ್ಲ ಅದು. ವನ್ಯಧಾಮದ ಒಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಲಿಡಬೇಡಿ. ಚಳ್ಳಕೆರೆಯ ಕಾವಲಿನಲ್ಲಿ ರಕ್ಷಣಾ ಸಂಶೋಧನೆಯ ಡಿಆರ್‌ಡಿಒ, ಅಣುಶಕ್ತಿ ಸಂಶೋಧನೆಯ ಬಾರ್ಕ್ ಮುಂತಾದವುಗಳ ಬೇಲಿ ಇದೆ. ಅದರ ಪಕ್ಕ ನಿಂತು ದುರ್ಬೀನು ತೆಗೆದರೆ, ನೋಡಿದ್ದು ಟಿಟ್ಟಿಭ ಹಕ್ಕಿಯನ್ನೇ ಎಂದು ಕಾವಲುಗಾರರಿಗೆ ನಂಬಿಸುವ ಹೊತ್ತಿಗೆ ಬೆಳಗು ಮುಗಿದಿರುತ್ತದೆ.

9. ಧೂಳು ಒರೆಸುವ ಮುನ್ನ

ಗಾಜು ಹಾಳಾಗುವುದು ಧೂಳಿನಿಂದಲ್ಲ, ಒರೆಸುವುದರಿಂದ. ನಮ್ಮ ಧೂಳಿನಲ್ಲಿ ಮರಳಿನ ಹರಳಿದೆ. ಅಂಗಿಯ ಅಂಚಿನಿಂದ ತಿಕ್ಕಿದರೆ ಲೇಪದ ಮೇಲೆ ಗೀರು ಬೀಳುತ್ತದೆ, ಅದು ಮತ್ತೆ ಹೋಗುವುದಿಲ್ಲ. ಮೊದಲು ರಬ್ಬರ್ ಬ್ಲೋವರಿನಿಂದ ಗಾಳಿ ಊದಿ, ಆಮೇಲೆ ಮೆತ್ತನೆಯ ಬ್ರಷ್, ಆಮೇಲೂ ಕಲೆ ಉಳಿದಿದ್ದರೆ ಮಾತ್ರ ಮಸೂರದ ದ್ರವ ಹಚ್ಚಿದ ಮೈಕ್ರೋಫೈಬರ್ ಬಟ್ಟೆ. ಬಾಯಿಂದ ಊದಬೇಡಿ, ಉಗುಳು ಹಾರುತ್ತದೆ. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಬಿಡಬೇಡಿ. ಮಳೆಗಾಲದಲ್ಲಿ ಬೀರುವಿನ ಬಟ್ಟೆಗಳ ನಡುವೆ ಇಡುವ ಬದಲು, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಎರಡು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಬಣ್ಣ ಬದಲಾಗುವ ಬಗೆಯ ಹರಳಾದರೆ ತೇವ ಹೀರಿ ತುಂಬಿದ್ದು ನೋಡಿದ ಕೂಡಲೇ ಗೊತ್ತಾಗುತ್ತದೆ, ಆಗ ಪೊಟ್ಟಣ ಬದಲಿಸಿ.